ಬಿಲ್ ಕಳಿಸದ ಬೆಳಕು: ಕಾಪು ಲೈಟ್‌ಹೌಸ್ ಮೇಲೆ ಒಂದು ಸಂಜೆ

ಈ ವಾರ ನಾವು ಕಾಪುವಿಗೆ ಹೋಗುವಾ. ಉಡುಪಿಯಿಂದ ಮಂಗಳೂರು ಕಡೆಗೆ ಹೆದ್ದಾರಿ 66ರಲ್ಲಿ ಹೊರಟರೆ ಹನ್ನೆರಡು-ಹದಿಮೂರು ಕಿಲೋಮೀಟರ್ ಅಷ್ಟೆ. ಪೇಟೆಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಐದು ನಿಮಿಷದಲ್ಲಿ ಸಮುದ್ರ. ಅಲ್ಲಿ ಒಂದು ಕಪ್ಪು ಬಂಡೆ, ಬಂಡೆಯ ಮೇಲೆ ಒಂದು ಗೋಪುರ. 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್.

ಅದರ ಫೋಟೋ ನೀವು ನೋಡಿಯೇ ಇರುತ್ತೀರಿ. ಕರಾವಳಿಯ ಅರ್ಧ ಮದುವೆ ಆಲ್ಬಮ್‌ಗಳಲ್ಲಿ ಅದು ಇದೆ, ಡ್ರೋನ್ ರೀಲ್‌ಗಳಲ್ಲಂತೂ ದಿನಕ್ಕೊಮ್ಮೆ ಬರುತ್ತೆ. ಹಾಗಾಗಿ ಎಷ್ಟು ಚೆಂದ ಉಂಟು ಅಂತ ನಾನು ವರ್ಣನೆ ಮಾಡಲು ಹೋಗುವುದಿಲ್ಲ. ನಾನು ಕೇಳುವ ಪ್ರಶ್ನೆ ಸ್ವಲ್ಪ ಬೇರೆ. ಈ ದೀಪದ ಖರ್ಚು ಯಾರು ಕೊಡ್ತಾರೆ? ಯಾಕೆ ಕೊಡಬೇಕು? ಇನ್ನೂ ಎಷ್ಟು ವರ್ಷ ಕೊಡ್ತಾರೆ?

ಇದು ಬಿಕಾಂ ಓದಿದವನ ಚಾಳಿ ಅಂತ ನೀವು ನಗಬಹುದು. ಆದರೆ ತಪ್ಪು ನನ್ನದಲ್ಲ, ಸಿಲೆಬಸ್‌ನದ್ದು. ಪ್ರಪಂಚದಲ್ಲಿ ಅರ್ಥಶಾಸ್ತ್ರ ಓದಿದ ಯಾರನ್ನೇ ಕೇಳಿ, 'ಸಾರ್ವಜನಿಕ ಸರಕು' ಅಂದರೆ ಏನು ಅಂತ. ಹತ್ತರಲ್ಲಿ ಏಳು ಜನ ಲೈಟ್‌ಹೌಸ್ ಉದಾಹರಣೆ ಕೊಡ್ತಾರೆ. ಕಾರಣ ಸರಳ. ಅಂಗಡಿಯ ಬನ್ಸ್ ನಾನು ತಿಂದರೆ ನಿಮಗೆ ಇಲ್ಲ, ದುಡ್ಡು ಕೊಡದವನಿಗೆ ಅಂಗಡಿಯವನು ಬನ್ಸ್ ಕೊಡುವುದೂ ಇಲ್ಲ. ಲೈಟ್‌ಹೌಸ್ ಬೆಳಕು ಹಾಗಲ್ಲ. ಒಂದು ಬೋಟು ನೋಡಿದ್ದಕ್ಕೆ ಇನ್ನೊಂದು ಬೋಟಿಗೆ ಬೆಳಕು ಕಡಿಮೆ ಆಗುವುದಿಲ್ಲ. ದುಡ್ಡು ಕೊಡದ ಬೋಟಿಗೆ ಮಾತ್ರ ಕಾಣದ ಹಾಗೆ ಮಾಡುವುದಕ್ಕೂ ಆಗುವುದಿಲ್ಲ. ಹಾಗಿದ್ದ ಮೇಲೆ ಯಾವ ವ್ಯಾಪಾರಿ ಇದನ್ನು ಕಟ್ತಾನೆ? 1848ರಲ್ಲೇ ಜಾನ್ ಸ್ಟುವರ್ಟ್ ಮಿಲ್ ಇದನ್ನು ಬರೆದಿದ್ದ. ಆಮೇಲೆ ಪಾಲ್ ಸ್ಯಾಮ್ಯುಯೆಲ್ಸನ್ ತನ್ನ ಪಠ್ಯಪುಸ್ತಕದಲ್ಲಿ ಹಾಕಿ, ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದರು. ಪುಸ್ತಕದಲ್ಲಿ ಅದು ಎರಡು ಮಾರ್ಕಿನ ಉತ್ತರ. ಕಾಪುವಿನಲ್ಲಿ ಅದು ಕಲ್ಲಿನ ಗೋಪುರ.

ನಾನು ಅಲ್ಲಿಗೆ ಹೋದದ್ದು ನನ್ನ ದೊಡ್ಡಪ್ಪನ ಜೊತೆ. ದೊಡ್ಡಪ್ಪ ಮೂವತ್ತು ವರ್ಷ ಮೀನುಗಾರಿಕೆ ಬೋಟಿನಲ್ಲಿ ದುಡಿದವರು. ಈಗ ವಯಸ್ಸು ಎಪ್ಪತ್ತರ ಹತ್ತಿರ, ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ. ಇಷ್ಟು ವರ್ಷ ಈ ದೀಪವನ್ನು ಸಮುದ್ರದಿಂದ ನೋಡಿದವರು ಒಂದು ಸಲವೂ ಮೇಲೆ ಹತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, ಬಸ್ಸಿನಲ್ಲಿ ಹೋಗುವವನು ಮೈಲಿಗಲ್ಲನ್ನು ಇಳಿದು ತಬ್ಬಿಕೊಳ್ತಾನಾ ಅಂತ ನನ್ನನ್ನೇ ಕೇಳಿದರು. ಸರಿ, ಒತ್ತಾಯ ಮಾಡಿ ಕರೆದುಕೊಂಡು ಹೋದೆ.

ಸಂಜೆ ಹೊತ್ತಿನಲ್ಲಿ ಮಾತ್ರ ಜನರನ್ನು ಮೇಲೆ ಬಿಡುತ್ತಾರೆ. ಬಂಡೆಗೆ ಮೆಟ್ಟಿಲು ಇದೆ, ಅದನ್ನು ಹತ್ತಿದ ಮೇಲೆ ಗೋಪುರದ ಬಾಗಿಲು. ಅಲ್ಲಿ ಒಂದು ಸಣ್ಣ ಟಿಕೆಟ್. ದೊಡ್ಡಪ್ಪ ಟಿಕೆಟನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿ ನೋಡಿದರು. "ಮೂವತ್ತು ವರ್ಷ ಇದನ್ನೇ ನೋಡಿಕೊಂಡು ಮನೆಗೆ ಬಂದೆ, ಒಂದು ಪೈಸೆ ಯಾರೂ ಕೇಳಲಿಲ್ಲ. ಈಗ ಉಪಯೋಗ ಇಲ್ಲದ ಹೊತ್ತಿಗೆ ಟಿಕೆಟಾ?" ಅಂದರು.

ಹಿಂದೆ ನಿಂತಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಯೋಚನೆ ಮಾಡಿ ನೋಡಿ, ಇಡೀ ವಿಷಯ ಆ ಒಂದು ಮಾತಿನಲ್ಲಿ ಉಂಟು. ಲೈಟ್‌ಹೌಸ್‌ನ ನಿಜವಾದ ಗಿರಾಕಿ ಸಮುದ್ರದಲ್ಲಿದ್ದಾನೆ, ಅವನು ಟಿಕೆಟ್ ತೆಗೆಯುವುದಿಲ್ಲ. ಟಿಕೆಟ್ ತೆಗೆಯುವವರು ನನ್ನ ಹಾಗೆ ದಡದಲ್ಲಿ ಇರುವವರು, ನಮಗೆ ಆ ದೀಪದಿಂದ ದಾರಿ ಹುಡುಕುವ ಕೆಲಸವೇ ಇಲ್ಲ.

ಒಳಗೆ ಸುರುಳಿ ಮೆಟ್ಟಿಲು. ಗೋಡೆ ಎಷ್ಟು ದಪ್ಪ ಅಂತ ಕಿಟಕಿಯ ಹತ್ತಿರ ನಿಂತರೆ ಗೊತ್ತಾಗುತ್ತೆ. ಗೋಪುರದ ಒಳಗೆ ಹೋದ ಕೂಡಲೇ ಅಲೆಯ ಸದ್ದು ಅರ್ಧಕ್ಕೆ ಇಳಿಯುತ್ತೆ, ಮೇಲೆ ಬಾಲ್ಕನಿಗೆ ಕಾಲಿಟ್ಟಾಗ ಗಾಳಿಯ ಸದ್ದು ಒಮ್ಮೆಗೇ ಮುಖಕ್ಕೆ ಹೊಡೆಯುತ್ತೆ. ಟೋಪಿ ಹಾಕಿಕೊಂಡು ಹೋಗಬೇಡಿ, ಫೋನು ಗಟ್ಟಿ ಹಿಡಿದುಕೊಳ್ಳಿ. ಒಂದು ಕಡೆ ತೆಂಗಿನ ತೋಟ, ಅದರ ಆಚೆ ಹೆದ್ದಾರಿ. ಇನ್ನೊಂದು ಕಡೆ ಬರೀ ನೀರು. ಕೆಳಗೆ ನೋಡಿದರೆ ಬಂಡೆಗಳು ಸಮುದ್ರದೊಳಗೆ ಹೋಗಿ ಮುಳುಗುವುದು ಕಾಣುತ್ತೆ, ಕೆಲವು ಅಲೆ ಇಳಿದಾಗ ಮಾತ್ರ ತಲೆ ಎತ್ತುತ್ತವೆ. ಹಗಲಲ್ಲಿ ಚೆಂದ. ರಾತ್ರಿ, ಮಳೆ, ಎಂಜಿನ್ ಕೈಕೊಟ್ಟಿದೆ ಅಂತ ಇಟ್ಟುಕೊಳ್ಳಿ, ಆಗ ಅದೇ ಬಂಡೆಗಳು ಬೇರೆ ಥರ.

ಇಲ್ಲಿ ಒಂದು ಸಣ್ಣ ಲೆಕ್ಕ. ಮರಳಿನ ಮೇಲೆ ನಿಂತ ಮನುಷ್ಯನಿಗೆ ಸಮುದ್ರದಲ್ಲಿ ನಾಲ್ಕೂವರೆ ಕಿಲೋಮೀಟರ್ ದೂರದ ತನಕ ಮಾತ್ರ ಕಾಣುತ್ತೆ, ಆಮೇಲೆ ಭೂಮಿ ಬಾಗುತ್ತೆ. 27 ಮೀಟರ್ ಮೇಲೆ ಹೋದರೆ ಅದು 18 ಕಿಲೋಮೀಟರ್ ದಾಟುತ್ತೆ. ಕೆಳಗಿನ ಬಂಡೆಯ ಎತ್ತರ ಸೇರಿಸಿದರೆ ಇನ್ನೂ ಜಾಸ್ತಿ. ನಾವು ಎಷ್ಟು ದೂರ ನೋಡಬಹುದೋ ಅಷ್ಟು ದೂರದಿಂದ ನಮ್ಮನ್ನೂ ನೋಡಬಹುದು. ಲೈಟ್‌ಹೌಸ್ ಎತ್ತರ ಇರುವುದು ಇದಕ್ಕೆ.

ಎತ್ತರ ಇದ್ದರೆ ಸಾಲದು, ಬೆಳಕನ್ನು ಅಷ್ಟು ದೂರ ತಳ್ಳಬೇಕಲ್ಲ. ವಿದ್ಯುತ್ ಇಲ್ಲದ ಕಾಲದಲ್ಲಿ ಎಣ್ಣೆ ದೀಪದಿಂದ ಇದನ್ನು ಹೇಗೆ ಮಾಡಿದರು? ಇದರ ಹಿಂದೆ ಅಗಸ್ಟಿನ್ ಫ್ರೆನೆಲ್ ಅಂತ ಒಬ್ಬ ಫ್ರೆಂಚ್ ಎಂಜಿನಿಯರ್ ಇದ್ದಾನೆ. ದಪ್ಪ ಗಾಜಿನ ಗುಡ್ಡದಂಥ ಒಂದೇ ಲೆನ್ಸ್ ಬದಲು, ಗಾಜಿನ ಬಳೆಗಳನ್ನು ಒಂದರ ಸುತ್ತ ಒಂದು ಜೋಡಿಸಿದ. ಎಲ್ಲ ದಿಕ್ಕಿಗೆ ಚದುರಿ ಹೋಗುತ್ತಿದ್ದ ಬೆಳಕನ್ನು ಹಿಡಿದು ಒಂದೇ ಪಟ್ಟಿಯಾಗಿ ಸಮುದ್ರದ ಕಡೆಗೆ ಕಳಿಸಿದ. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ಲೈಟ್‌ಹೌಸ್‌ನಲ್ಲಿ ಮೊದಲ ಸಲ ಹಾಕಿದರು, ಆಮೇಲೆ ಪ್ರಪಂಚ ಇಡೀ ಹಬ್ಬಿತು. ಆ ಲೆನ್ಸ್ ಎಷ್ಟು ಜೋರು ಅಂದರೆ, ಲೈಟ್‌ಹೌಸ್‌ಗಳಲ್ಲಿ ಹಗಲು ಹೊತ್ತು ಗಾಜಿಗೆ ಪರದೆ ಎಳೆದು ಇಡುತ್ತಿದ್ದರು. ಇಲ್ಲದಿದ್ದರೆ ಬಿಸಿಲು ಉಲ್ಟಾ ಒಳಗೆ ಬಂದು ಬೆಂಕಿ ಹತ್ತಿಸಬಹುದು. ಭಾರದ ಲೆನ್ಸ್ ತಿರುಗಬೇಕಲ್ಲ, ಅದಕ್ಕೆ ಗಡಿಯಾರದ ಹಾಗೆ ತೂಕ ಕಟ್ಟಿದ ಯಂತ್ರ. ತೂಕ ಕೆಳಗೆ ಬಂದಾಗ ಕಾವಲುಗಾರ ಎದ್ದು ಕೀ ಕೊಡಬೇಕು. ರಾತ್ರಿ ಇಡೀ, ವರ್ಷ ಇಡೀ.

ಬಾಲ್ಕನಿಯಲ್ಲಿ ದೊಡ್ಡಪ್ಪ ಮಾತಾಡಲಿಲ್ಲ. ನಾವೆಲ್ಲ ಸೂರ್ಯ ಮುಳುಗುವುದನ್ನು ಫೋನಿನಲ್ಲಿ ಹಿಡಿಯುತ್ತಿದ್ದರೆ ಅವರು ದಕ್ಷಿಣಕ್ಕೊಮ್ಮೆ ಉತ್ತರಕ್ಕೊಮ್ಮೆ ನೋಡಿ, ತಾವು ಯಾವ ದಾರಿಯಲ್ಲಿ ಮಲ್ಪೆಗೆ ಬರುತ್ತಿದ್ದೆವು ಅಂತ ಬೆರಳಿನಲ್ಲಿ ಗೆರೆ ಎಳೆದರು. ಆಮೇಲೆ ಕೆಳಗೆ ಇಳಿದು ಮರಳಿನಲ್ಲಿ ಕೂತೆವು. ಕತ್ತಲಾಯಿತು. ಮೇಲೆ ದೀಪ ಹತ್ತಿತು. ದೊಡ್ಡಪ್ಪ ತುಟಿಯಲ್ಲೇ ಏನೋ ಹೇಳುತ್ತಿದ್ದರು. ನಾನು ಮಂತ್ರ ಇರಬೇಕು ಅಂತ ಸುಮ್ಮನಿದ್ದೆ. ಅವರು ಎಣಿಸುತ್ತಿದ್ದರು.

ಇದನ್ನು ನಾವು ದಡದವರು ಗಮನಿಸುವುದೇ ಇಲ್ಲ. ಒಂದೊಂದು ಲೈಟ್‌ಹೌಸ್‌ಗೂ ತನ್ನದೇ ಮಿನುಗು ಇರುತ್ತೆ. ಎಷ್ಟು ಸಲ ಹೊಳೆಯುತ್ತೆ, ಎಷ್ಟು ಸೆಕೆಂಡು ಕತ್ತಲು, ಮತ್ತೆ ಯಾವಾಗ. ಅಕ್ಕಪಕ್ಕದ ಎರಡು ದೀಪ ಒಂದೇ ಥರ ಮಿನುಗುವ ಹಾಗಿಲ್ಲ. ಅದು ಆ ದೀಪದ ಹೆಸರು. ಹಡಗಿನವರ ಹತ್ತಿರ ಪುಸ್ತಕದಲ್ಲಿ ಪಟ್ಟಿ ಇರುತ್ತೆ, ದೊಡ್ಡಪ್ಪನಂಥವರ ಹತ್ತಿರ ತಲೆಯಲ್ಲಿ. "ಬೆಳಕು ಕಂಡರೆ ಸಾಲದು ಮಗಾ, ಯಾರ ಬೆಳಕು ಅಂತ ಗೊತ್ತಾಗಬೇಕು" ಅಂದರು. ಹಗಲಿಗೆ ಗೋಪುರದ ಬಣ್ಣದ ಪಟ್ಟೆ ಹೆಸರು ಹೇಳುತ್ತೆ, ರಾತ್ರಿಗೆ ಮಿನುಗು. ನಾವು ಚೆಂದಕ್ಕೆ ಅಂದುಕೊಂಡ ಪಟ್ಟೆ ಕೂಡ ಗುರುತಿನ ಚೀಟಿಯೇ.

ಈಗ ದುಡ್ಡಿನ ವಿಷಯಕ್ಕೆ ವಾಪಸ್ ಬರುವಾ.

ಮಿಲ್, ಸ್ಯಾಮ್ಯುಯೆಲ್ಸನ್ ಹೇಳಿದ್ದನ್ನು ಎಲ್ಲರೂ ಒಪ್ಪಲಿಲ್ಲ. 1974ರಲ್ಲಿ ರೊನಾಲ್ಡ್ ಕೋಸ್ ಒಂದು ಪ್ರಬಂಧ ಬರೆದ. ಅವನ ತಕರಾರು ಇಷ್ಟೆ: ನೀವೆಲ್ಲ ಲೈಟ್‌ಹೌಸ್ ಉದಾಹರಣೆ ಕೊಡ್ತೀರಿ, ಆದರೆ ಒಬ್ಬನಾದರೂ ಲೈಟ್‌ಹೌಸ್‌ನ ಲೆಕ್ಕಪುಸ್ತಕ ತೆಗೆದು ನೋಡಿದ್ದೀರಾ? ಇಂಗ್ಲೆಂಡಿನಲ್ಲಿ ಹಿಂದೆ ಎಷ್ಟೋ ಲೈಟ್‌ಹೌಸ್‌ಗಳನ್ನು ಖಾಸಗಿಯವರು ಕಟ್ಟಿ ನಡೆಸಿದ್ದರು. ಸಮುದ್ರದಲ್ಲಿ ಬಿಲ್ ಕೊಡಲು ಆಗುವುದಿಲ್ಲ ನಿಜ, ಆದರೆ ಹಡಗು ಯಾವುದಾದರೂ ಬಂದರಿಗೆ ಬರಲೇಬೇಕಲ್ಲ? ಅಲ್ಲಿ ವಸೂಲಿ ಮಾಡಿದರು. ಇದಕ್ಕೆ ಉತ್ತರವಾಗಿ ಬೇರೆಯವರು, ಆ ವಸೂಲಿಯ ಹಕ್ಕು ಕೊಟ್ಟದ್ದು ರಾಜನ ಅಧಿಕಾರ ತಾನೇ, ಹಾಗಾದರೆ ಅದು ಪೂರ್ತಿ ಖಾಸಗಿ ಹೇಗಾಯಿತು ಅಂತ ಕೇಳಿದರು. ಆ ಜಗಳ ಇನ್ನೂ ಮುಗಿದಿಲ್ಲ, ಮುಗಿಸುವುದು ನನ್ನ ಕೆಲಸವೂ ಅಲ್ಲ.

ನಮ್ಮ ದೇಶದಲ್ಲಿ ಹೇಗೆ? 1927ರಲ್ಲಿ ಲೈಟ್‌ಹೌಸ್ ಕಾಯ್ದೆ ಬಂತು, ಬಂದರಿಗೆ ಬರುವ ಹಡಗುಗಳಿಂದ ದೀಪದ ಶುಲ್ಕ ತೆಗೆದುಕೊಳ್ಳುವ ವ್ಯವಸ್ಥೆ ಆಯಿತು. 2021ರಲ್ಲಿ ಆ ಹಳೇ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂತು, ಶುಲ್ಕದ ತತ್ವ ಉಳಿಯಿತು. ಅಂದರೆ ಸರಕು ಹೊತ್ತ ದೊಡ್ಡ ಹಡಗು ದುಡ್ಡು ಕೊಡುತ್ತೆ, ಅದೇ ಬೆಳಕಿನಲ್ಲಿ ನಾಡದೋಣಿಯವನೂ ಮನೆಗೆ ಬರುತ್ತಾನೆ. ಅರ್ಥಶಾಸ್ತ್ರದ ಪುಸ್ತಕ ಇವನನ್ನು 'ಫ್ರೀ ರೈಡರ್' ಅನ್ನುತ್ತೆ, ಪುಕ್ಕಟೆ ಸವಾರ. ಆ ಪದ ನನಗೆ ದೊಡ್ಡಪ್ಪನ ಪಕ್ಕ ಕೂತಾಗ ಸ್ವಲ್ಪ ಚುಚ್ಚಿತು. ಬೆಳಗಿನ ಜಾವ ಮೂರಕ್ಕೆ ಎದ್ದು ಅಲೆ ದಾಟಿ ಹೋಗುವ ಮನುಷ್ಯನನ್ನು ಸವಾರ ಅನ್ನಲು ಪುಸ್ತಕ ಬರೆಯುವವರಿಗೇ ಸಾಧ್ಯ.

ನಮ್ಮ ಹಿರಿಯರಿಗೆ ಈ ಸಮಸ್ಯೆ ಗೊತ್ತಿರಲಿಲ್ಲ ಅಂತ ಅಲ್ಲ. ಕರ್ನಾಟಕದ ಹಳೇ ಶಾಸನಗಳಲ್ಲಿ ನಂದಾದೀಪಕ್ಕೆ ದತ್ತಿ ಬಿಟ್ಟದ್ದು ಎಷ್ಟು ಸಲ ಬರುತ್ತೆ ನೋಡಿ. ಯಾರೋ ಗದ್ದೆ ಬಿಟ್ಟರು, ಯಾರೋ ಗಾಣದ ಎಣ್ಣೆ ಬಿಟ್ಟರು. ದೀಪ ಆರಬಾರದು, ಆದರೆ ದಿನಾ ಬರುವವನ ಕೈಯಿಂದ ದಿನಾ ವಸೂಲಿ ಮಾಡಲೂ ಆಗದು. ಹಾಗಾಗಿ ಮೊದಲೇ ಒಂದು ಆದಾಯ ಕಟ್ಟಿ ಇಡುವುದು. ಬೆಳಕು ನೋಡಲು ಬಂದವನ ಹತ್ತಿರ ನೀನು ಎಣ್ಣೆ ಕೊಟ್ಟಿದ್ದೀಯಾ ಅಂತ ಯಾರೂ ಕೇಳುವುದಿಲ್ಲ.

ಈಗ ಹೊಸದಾಗಿ ಪ್ರವಾಸೋದ್ಯಮ ಸೇರಿದೆ. ದೇಶದಲ್ಲಿ 75 ಲೈಟ್‌ಹೌಸ್‌ಗಳನ್ನು ಪ್ರವಾಸಿ ಸೌಲಭ್ಯದ ಜೊತೆ ಅಭಿವೃದ್ಧಿ ಮಾಡಿ 2024ರ ಫೆಬ್ರವರಿಯಲ್ಲಿ ಲೋಕಾರ್ಪಣೆ ಮಾಡಿದರು. ಇದನ್ನು ನಾನು ವಿರೋಧ ಮಾಡುವುದಿಲ್ಲ. ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಹಳೇ ಲೈಟ್‌ಹೌಸ್ ಗೋಪುರ ಉಂಟು, ಈಗ ಅದರಲ್ಲಿ ದೀಪ ಇಲ್ಲ, ಗುಡ್ಡೆಯ ಹೆಸರಲ್ಲಿ ಮಾತ್ರ ಲೈಟ್‌ಹೌಸ್ ಉಳಿದಿದೆ. ಜನ ಬಂದರೆ, ನಾಲ್ಕು ಕಾಸು ಬಂದರೆ, ಗೋಡೆಗೆ ಸುಣ್ಣ ಬೀಳುತ್ತೆ, ಮೆಟ್ಟಿಲು ರಿಪೇರಿ ಆಗುತ್ತೆ. ಒಳ್ಳೆಯದೇ.

ನನ್ನ ಹೆದರಿಕೆ ಬೇರೆ. ಲೆಕ್ಕದಲ್ಲಿ ಯಾವುದು ಕಾಣುತ್ತೋ ಅದಕ್ಕೆ ಬೆಲೆ ಬರುತ್ತೆ. ಟಿಕೆಟ್ ಎಷ್ಟು ಹೋಯಿತು, ಪಾರ್ಕಿಂಗ್ ಎಷ್ಟು ಬಂತು, ಇದೆಲ್ಲ ಎಕ್ಸೆಲ್ ಶೀಟ್‌ನಲ್ಲಿ ಕಾಣುತ್ತೆ. ಬಂಡೆಗೆ ಬಡಿಯದೆ ಮನೆಗೆ ಬಂದ ಬೋಟು ಯಾವ ಕಾಲಮ್‌ನಲ್ಲಿ ಬರುತ್ತೆ? ಆಗದೇ ಹೋದ ಅಪಘಾತಕ್ಕೆ ವೋಚರ್ ಇಲ್ಲ. ಹೀಗೆ ನಾಲ್ಕು ವರ್ಷ ಕಳೆದರೆ, ಲೈಟ್‌ಹೌಸ್ ಅಂದರೆ ವ್ಯೂ ಪಾಯಿಂಟ್, ದೀಪ ಅದರ ಅಲಂಕಾರ ಅಂತ ಆಗಿಬಿಡುತ್ತೆ.

ಇದರ ಗುರುತು ಈಗಲೇ ದಡದಲ್ಲಿ ಕಾಣುತ್ತೆ. ದೊಡ್ಡಪ್ಪನ ಪ್ರಾಯದಲ್ಲಿ ರಾತ್ರಿ ಸಮುದ್ರದಿಂದ ನೋಡಿದರೆ ದಡ ಅಂದರೆ ಕಪ್ಪು ಗೆರೆಯಂತೆ, ಅದರಲ್ಲಿ ಒಂದೇ ದೀಪ. ಈಗ ಕರಾವಳಿ ಉದ್ದಕ್ಕೂ ರೆಸಾರ್ಟು, ಹೈಮಾಸ್ಟ್, ಸಮುದ್ರದ ಕಡೆಗೇ ಮುಖ ಮಾಡಿದ ಫ್ಲಡ್‌ಲೈಟು, ಮದುವೆಯ ಸೀರಿಯಲ್ ಸೆಟ್ಟು, ಕೆಲವು ಮಿನುಗುವಂಥವು ಬೇರೆ. ಸಾವಿರ ದೀಪದ ನಡುವೆ ಹೆಸರು ಹೇಳುವ ಒಂದು ದೀಪವನ್ನು ಹುಡುಕಬೇಕು. ಎಲ್ಲರೂ ಒಟ್ಟಿಗೆ ಕೂಗಿದರೆ ಕರೆದವರು ಯಾರು ಅಂತ ಗೊತ್ತಾಗುತ್ತದಾ? ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಬಲ್ಬಿಗೆ ಒಂದು ಮರೆ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಿದರೆ ಸಾಕು.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಎಲ್ಲರ ಹತ್ತಿರ ಜಿಪಿಎಸ್ ಉಂಟಲ್ಲ ಮಾರಾಯಾ, ಇನ್ನು ಲೈಟ್‌ಹೌಸ್ ಎಂತಕ್ಕೆ?

ನಿಜ, ಇವತ್ತು ಬೋಟಿನವರು ಮೊದಲು ನೋಡುವುದು ಸ್ಕ್ರೀನನ್ನೇ. ಆದರೆ ಜಿಪಿಎಸ್ ಸಿಗ್ನಲ್ ಅಂದರೆ ಸುಮಾರು 20,000 ಕಿಲೋಮೀಟರ್ ಎತ್ತರದಿಂದ ಬರುವ ಬಹಳ ದುರ್ಬಲ ರೇಡಿಯೋ ಅಲೆ. ಅದನ್ನು ತಡೆಯಬಹುದು, ಅದಕ್ಕಿಂತ ಕೆಟ್ಟದ್ದು, ಸುಳ್ಳು ಹೇಳಿಸಬಹುದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಕನಿಷ್ಠ ಇಪ್ಪತ್ತು ಹಡಗುಗಳ ಜಿಪಿಎಸ್, ಅವು ದಡದ ಒಳಗೆ ಒಂದು ವಿಮಾನ ನಿಲ್ದಾಣದಲ್ಲಿವೆ ಅಂತ ತೋರಿಸಿತು. ಹಡಗು ನೀರಲ್ಲಿ, ಸ್ಕ್ರೀನ್ ರನ್‌ವೇಯಲ್ಲಿ. ಆಮೇಲೆ ಯುದ್ಧ ನಡೆಯುವ ಕಡೆಗಳಲ್ಲಿ ಇದು ಮಾಮೂಲಿ ಸುದ್ದಿಯೇ ಆಗಿದೆ. ಸ್ಕ್ರೀನ್ ಹೇಳುವುದು ಸರಿಯಾ ಅಂತ ನೋಡಲು ಕಣ್ಣಿಗೆ ಕಾಣುವ, ಜಾಗ ಬದಲಿಸದ ಒಂದು ಸಾಕ್ಷಿ ಬೇಕು. ಅದಲ್ಲದೆ ಲೈಟ್‌ಹೌಸ್ ಇವತ್ತು ಬರೀ ದೀಪವೂ ಅಲ್ಲ. ದೇಶದ ಅನೇಕ ಲೈಟ್‌ಹೌಸ್‌ಗಳಲ್ಲಿ ಹಡಗುಗಳ ಗುರುತು ಹಿಡಿಯುವ ಎಐಎಸ್ ಉಪಕರಣ ಇದೆ. 2008ರ ಮುಂಬೈ ದಾಳಿಯ ನಂತರ ಕರಾವಳಿ ಕಾವಲಿನ ರೇಡಾರ್, ಕ್ಯಾಮೆರಾಗಳಿಗೂ ಹಲವು ಲೈಟ್‌ಹೌಸ್‌ಗಳೇ ಜಾಗ ಕೊಟ್ಟವು. 'ಕಾಪು' ಅನ್ನುವ ಕನ್ನಡ ಪದಕ್ಕೆ ಕಾವಲು, ರಕ್ಷಣೆ ಅಂತ ಅರ್ಥ ಉಂಟಲ್ಲ, ಗೋಪುರ ಆ ಕೆಲಸವನ್ನೇ ಮಾಡುತ್ತಾ ಇದೆ.

ಹಾಗಂತ ದೀಪ ಇದ್ದರೆ ಎಲ್ಲ ಕ್ಷೇಮ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತೆ. 2018ರ ಡಿಸೆಂಬರ್ ನಿಮಗೆ ನೆನಪಿರಬಹುದು. ಮಲ್ಪೆಯಿಂದ ಹೊರಟ ಒಂದು ಬೋಟು, ಏಳು ಜನ, ಸಂಪರ್ಕ ತಪ್ಪಿತು. ಕರಾವಳಿ ಇಡೀ ಬೀದಿಗೆ ಇಳಿಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರದ ಸಮುದ್ರದ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು, ಜನ ಸಿಗಲಿಲ್ಲ. ಆ ತಿಂಗಳುಗಳಲ್ಲಿ ಕರಾವಳಿಯ ಲೈಟ್‌ಹೌಸ್‌ಗಳು ಪ್ರತಿ ರಾತ್ರಿ ಮಿನುಗಿದವು. ದೊಡ್ಡಪ್ಪ ಆ ದಿನಗಳಲ್ಲಿ ಊಟಕ್ಕೆ ಕೂತರೂ ಟಿವಿ ಆಫ್ ಮಾಡಲು ಬಿಡುತ್ತಿರಲಿಲ್ಲ. ಅವರನ್ನು ನಾನು ಆ ಸಂಜೆ ಕೇಳಿದೆ, ದೀಪ ಇದ್ದೂ ಹಾಗಾಯಿತಲ್ಲ, ಹಾಗಾದರೆ ಇದರಿಂದ ಏನು ಪ್ರಯೋಜನ ಅಂತ. ಅವರು ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ದು ಇಷ್ಟು. ಸಮುದ್ರಕ್ಕೆ ಹೋದವನಿಗೆ ಯಾರೂ ಗ್ಯಾರಂಟಿ ಕೊಡುವುದಿಲ್ಲ, ಅವನು ಕೇಳುವುದೂ ಇಲ್ಲ. ದಡದಲ್ಲಿ ಯಾರೋ ಎಚ್ಚರ ಇದ್ದಾರೆ ಅಂತ ಗೊತ್ತಿದ್ದರೆ ಕೈ ನಡುಗುವುದಿಲ್ಲ.

ನಾನು ಕಲಿತ ಅಕೌಂಟೆನ್ಸಿಯಲ್ಲಿ ಇದಕ್ಕೆ ತಲೆಬರಹ ಇಲ್ಲ. ಗುಡ್‌ವಿಲ್ ಅನ್ನುವುದೊಂದು ಇದೆ, ಅದು ಕೂಡ ವ್ಯಾಪಾರ ಮಾರುವಾಗ ಬೆಲೆ ಕಟ್ಟಲು ಇರುವುದು. ಕೈ ನಡುಗದೇ ಇರುವುದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ. ಹಾಗಾಗಿ ಅದನ್ನು ನಾವು, ಅಂದರೆ ದಡದಲ್ಲಿ ಕೂತವರು, ಲೆಕ್ಕ ಕೇಳದೆ ಕೊಡಬೇಕು. ಲಸಿಕೆ, ಪ್ರವಾಹದ ಮುನ್ಸೂಚನೆ, ರಾತ್ರಿ ಪಾಳಿಯ ಅಗ್ನಿಶಾಮಕ ಠಾಣೆ, ಎಲ್ಲಕ್ಕೂ ಇದೇ ಮಾತು. ಏನೂ ಆಗದ ದಿನವೇ ಅವುಗಳ ಲಾಭ.

ಇನ್ನು ಹೋಗುವವರಿಗೆ ನಾಲ್ಕು ಮಾತು. ಗೋಪುರ ತೆರೆಯುವ ಸಮಯ ಹೊರಡುವ ಮೊದಲು ವಿಚಾರಿಸಿಕೊಳ್ಳಿ, ಮಳೆಗಾಲದಲ್ಲಂತೂ ಖಂಡಿತ ಕೇಳಿಕೊಂಡೇ ಹೋಗಿ. ಮೆಟ್ಟಿಲು ಕಡಿದು, ಮಕ್ಕಳ ಕೈ ಬಿಡಬೇಡಿ. ಸೆಲ್ಫಿಗೆ ಅಂತ ಕೆಳಗಿನ ಬಂಡೆಗಳ ತುದಿಗೆ ಹೋಗಬೇಡಿ. ಪಾಚಿ ಇರುತ್ತೆ, ಅಲೆ ಹೇಳಿ ಬರುವುದಿಲ್ಲ. ಆ ಬಂಡೆ ಅಪಾಯ ಅಂತ ಹೇಳಲಿಕ್ಕೇ ಮೇಲೆ ಅಷ್ಟು ದೊಡ್ಡ ದೀಪ ಇಟ್ಟಿರುವುದು, ಅದರ ಬುಡದಲ್ಲೇ ನಾವು ಜಾರಿ ಬೀಳಬಾರದು.

ಮತ್ತೊಂದು. ಸೂರ್ಯಾಸ್ತ ಆದ ಕೂಡಲೇ ಎಲ್ಲರೂ ಗಾಡಿ ತಿರುಗಿಸುತ್ತಾರೆ. ನೀವು ಒಂದು ಹದಿನೈದು ನಿಮಿಷ ಕೂತುಕೊಳ್ಳಿ. ಫೋನು ಜೇಬಿನಲ್ಲಿ ಇಡಿ. ದೀಪ ಹತ್ತಿದ ಮೇಲೆ ಒಂದು ಹೊಳಪಿನಿಂದ ಶುರು ಮಾಡಿ ಎಣಿಸಿ, ಎಷ್ಟು ಹೊಳಪು, ಎಷ್ಟು ಕತ್ತಲು. ನಾನು ಇಲ್ಲಿ ಉತ್ತರ ಹೇಳುವುದಿಲ್ಲ. ನೀವು ಎಣಿಸಿದ್ದನ್ನು ನಮಗೆ ಬರೆದು ಕಳಿಸಿ. ಕಾಪುವೇ ಆಗಬೇಕು ಅಂತ ಇಲ್ಲ, ನಿಮ್ಮ ಹತ್ತಿರದ ಯಾವ ಲೈಟ್‌ಹೌಸ್ ಆದರೂ ಸರಿ. ಮುಂದಿನ ಕಂತಿನಲ್ಲಿ ಓದುತ್ತೇನೆ.